ಹೆಬ್ಬಲಸಿನ ಹಲಗೆ, 12 ವೋಲ್ಟು

ಅಘನಾಶಿನಿ ಹೊಳೆಯಲ್ಲಿ ಇಳಿತ ಶುರುವಾಗಿ ಗಂಟೆಯಾಗಿತ್ತು. ಕಾಂಡ್ಲಾ ಗಿಡಗಳ ಬೇರುಗಳು ಒಂದೊಂದಾಗಿ ನೀರಿನಿಂದ ಮೇಲೇಳುತ್ತಿದ್ದವು. ತದಡಿ ಬಂದರಿನ ಕಡೆಯಿಂದ ದೊಡ್ಡ ಬೋಟುಗಳ ಗುಡುಗುಡು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಇತ್ತ ಕೆಸರಿನ ಮೇಲೆ ಅರ್ಧ ಎಳೆದಿಟ್ಟ ಪುಟ್ಟ ಫೈಬರ್ ದೋಣಿ. ಪಕ್ಕದಲ್ಲಿ ಹಾಸಿದ ಗೋಣಿಯ ಮೇಲೆ ಸ್ಪಾನರ್, ಬೈರಿಗೆ, ಕೆಂಪು–ಕಪ್ಪು ವೈರಿನ ಸುರುಳಿ, ವ್ಯಾಸಲೀನ್ ಡಬ್ಬಿ.

ದೋಣಿಯ ಯಜಮಾನರಿಗೆ ಅರವತ್ತರ ಮೇಲಾಗಿದೆ. ಹಳೆಯ ಎಂಜಿನ್ನು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಅದರ ಹಗ್ಗ ಎಳೆದೆಳೆದು ಬಲಭುಜ ಸೋತಿದೆ. ಪಂಪ್‌ಸೆಟ್ ರಿಪೇರಿ ಮಾಡುವ ಅಳಿಯ ಈಗ ಅವರ ದೋಣಿಗೆ ಕರೆಂಟಿನ ಮೋಟಾರು ಕೂರಿಸಲು ಬಂದಿದ್ದಾನೆ.

ಮೊದಲ ತೊಡಕು ದೋಣಿಯ ಆಕಾರದ್ದೇ. ಎರಡೂ ತುದಿ ಚೂಪು. ಮೋಟಾರಿನ ಹಿಡಿಕೆ ಕಚ್ಚಿಸಲು ಹಿಂದೆ ಚಪ್ಪಟೆ ಹಲಗೆಯೇ ಇಲ್ಲ. ಅದಕ್ಕೆ ಹೆಬ್ಬಲಸಿನ ಒಂದು ಹಲಗೆಯನ್ನು ದೋಣಿಗೆ ಅಡ್ಡಲಾಗಿ ಮಲಗಿಸಿ, ಒಂದು ತುದಿಯನ್ನು ಅಂಚಿನಾಚೆ ಚಾಚಿಸಿದರು. ಅಳಿಯ ಬೈರಿಗೆ ತಿರುಗಿಸಿದಂತೆ ಮರದ ಹಳದಿ ಸಿಪ್ಪೆ ಸುರುಳಿಯಾಗಿ ಕೆಸರಿಗೆ ಬಿತ್ತು. ಸ್ಟೀಲಿನ ಬೋಲ್ಟು, ಅಗಲ ವಾಷರು, ಅದರಡಿ ಹಳೆಯ ಟ್ಯೂಬಿನ ರಬ್ಬರು. ಮೋಟಾರು ತೂಗುಬಿಟ್ಟು ನೋಡಿದಾಗ ಫ್ಯಾನು ನೀರಿನ ಮಟ್ಟದಿಂದ ನಾಲ್ಕೇ ಬೆರಳು ಕೆಳಗಿತ್ತು. ಯಜಮಾನರು ತಲೆಯಾಡಿಸಿದರು. ಒಂದು ಗೇಣಾದರೂ ಮುಳುಗಬೇಕು, ಇಲ್ಲದಿದ್ದರೆ ಅದು ನೀರಿನ ಬದಲು ಗಾಳಿ ಕಡೆಯುತ್ತದೆ. ಮೋಟಾರಿನ ಕೊಳವೆಯನ್ನು ಇಳಿಸಿ ಮತ್ತೆ ಬಿಗಿದರು.

ಬ್ಯಾಟರಿ ಇಡುವ ಜಾಗಕ್ಕೆ ಮಾವ–ಅಳಿಯರ ನಡುವೆ ಸಣ್ಣ ಚರ್ಚೆಯೇ ನಡೆಯಿತು. ಹಿಂದೆ ಇಟ್ಟರೆ ವೈರು ಕಡಿಮೆ ಸಾಕು; ಆದರೆ ಮೋಟಾರೂ ಅಲ್ಲೇ, ಕೂರುವ ಆಳೂ ಅಲ್ಲೇ, ದೋಣಿಯ ಮೂತಿ ಆಕಾಶ ನೋಡುತ್ತದೆ. ಕಡೆಗೆ ಮುಂದೆಯೇ ಇಡುವುದೆಂದಾಯಿತು.

“ಹಾಗಾದ್ರೆ ದಪ್ಪ ವೈರೇ ಬೇಕು ಮಾವ. ತೆಳು ಹಾಕಿದ್ರೆ ಕರೆಂಟು ದಾರೀಲೇ ಬಿಸಿಯಾಗಿ ಹೋಗ್ತದೆ.”

ಅವನ ಮಾತಿನಲ್ಲಿ ಲೆಕ್ಕವಿತ್ತು. ಈ ಮೋಟಾರು ಪೂರ್ತಿ ವೇಗದಲ್ಲಿ 50 ಆಂಪಿಯರ್ ಎಳೆಯುತ್ತದೆ. ಮೂರು ಮೀಟರು ಹೋಗಿ ಮೂರು ಮೀಟರು ಮರಳುವ ದಾರಿಯಲ್ಲಿ 6 ಚದರ ಮಿಲಿಮೀಟರ್ ವೈರು ಹಾಕಿದರೆ 12 ವೋಲ್ಟಿನಲ್ಲಿ ಹತ್ತಿರ ಹತ್ತಿರ ಒಂದು ವೋಲ್ಟು ಅಲ್ಲೇ ಸೋರುತ್ತದೆ. ಅವನು 16ರದ್ದು ತಂದಿದ್ದ, ತವರ ಹೊದಿಸಿದ ತಾಮ್ರ. ತುದಿಗೆ ಲಗ್ಗು ಒತ್ತಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ, ಲೈಟರಿನ ಬೆಂಕಿಯಲ್ಲಿ ಬಿಸಿ ಮಾಡಿದ. ಕೊಳವೆ ಕುಗ್ಗಿ ವೈರಿಗೆ ಚರ್ಮದಂತೆ ಅಂಟಿತು. ಆಮೇಲೆ ವ್ಯಾಸಲೀನು. ಉಪ್ಪುನೀರು ತಾಮ್ರವನ್ನು ಹಸಿರು ಪುಡಿ ಮಾಡುವುದನ್ನು ಕಂಡವರಿಗೆ ಈ ಜತನ ಅತಿಯೆನಿಸದು. ಬ್ಯಾಟರಿಯ ಕೆಂಪು ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸು ಕೂತಿತು. ಅದಿಲ್ಲದೆ ವೈರು ಎಲ್ಲಾದರೂ ತಗುಲಿದರೆ ಹೊಳೆಯ ನಡುವೆ ಬೆಂಕಿ.

100 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ ಸುಮಾರು 30 ಕಿಲೋ ತೂಗುತ್ತದೆ, ಅರ್ಧಕ್ಕಿಂತ ಹೆಚ್ಚು ಬಳಸಿದರೆ ಬೇಗ ಹಾಳು. ಇವರು ತಂದದ್ದು ಲಿಥಿಯಂ ಐರನ್ ಫಾಸ್ಫೇಟ್. ಹನ್ನೆರಡು ಕಿಲೋದ ಆಸುಪಾಸು, ಯಜಮಾನರು ಒಂದೇ ಕೈಯಲ್ಲಿ ಮನೆಗೆ ಒಯ್ಯಬಲ್ಲರು. ಬೆಲೆ ಮಾತ್ರ ಭಾರ. ಇನ್ನೊಂದು ಗುಣವೂ ಅದಕ್ಕಿದೆ: ಸೀಸದ್ದು ದಣಿಯುತ್ತ ಬಂದಂತೆ ದೋಣಿಯೂ ನಿಧಾನವಾಗಿ ಸುಳಿವು ಕೊಡುತ್ತದೆ, ಲಿಥಿಯಂ ಕೊನೆಯವರೆಗೂ ಒಂದೇ ಸಮ ದುಡಿದು ಥಟ್ಟನೆ ನಿಂತುಬಿಡುತ್ತದೆ. ಅದಕ್ಕೇ ಉಳಿದದ್ದೆಷ್ಟೆಂದು ತೋರಿಸುವ ಚಿಕ್ಕ ಮೀಟರೊಂದನ್ನು ಕಣ್ಣೆದುರಿಗೇ ಅಂಟಿಸಿದರು.

ಮಧ್ಯಾಹ್ನ ದಾಟಿ ಭರತ ಬಂತು. ದೋಣಿ ತೇಲಿತು, ನಾನೂ ಹತ್ತಿದೆ. ಯಜಮಾನರು ಹಿಡಿ ತಿರುಗಿಸಿದರು. ಏನೂ ಕೇಳಲಿಲ್ಲ. ದಡ ಹಿಂದೆ ಸರಿಯತೊಡಗಿದಾಗಲೇ ಹೊರಟಿದ್ದೇವೆಂದು ತಿಳಿದದ್ದು. ಮೂತಿಗೆ ನೀರು ಸವರುವ ಸದ್ದು, ಬಲೆಯ ಬೂಚುಗಳು ಒಂದಕ್ಕೊಂದು ತಾಗುವ ಸದ್ದು. ಕಾಂಡ್ಲಾ ಕೊಂಬೆಯ ಮಿಂಚುಳ್ಳಿ ನಾವು ಹತ್ತಿರ ಹೋದರೂ ಹಾರಲಿಲ್ಲ. ಎಲ್ಲೋ ಮೀನು ಪುಳಕ್ಕನೆ ಜಿಗಿಯಿತು. ಯಜಮಾನರು ಅತ್ತ ಕಿವಿಗೊಟ್ಟು, ಏನೂ ಹೇಳದೆ ದೋಣಿ ತಿರುಗಿಸಿದರು.

ಅರ್ಧ ವೇಗದಲ್ಲಿ ಮೋಟಾರು ಎಳೆಯುತ್ತಿದ್ದದ್ದು ಬರೀ 15 ಆಂಪಿಯರ್. ಇಂಥ ದೋಣಿಗೆ ಸ್ವಲ್ಪ ವೇಗ ಕೂಡಿಸಲು ಬಹಳ ಶಕ್ತಿ ಸುರಿಯಬೇಕು. ಸಾವಧಾನದಿಂದ ಹೋದವನಿಗೆ ಬ್ಯಾಟರಿ ಹೊತ್ತು ಮುಳುಗುವವರೆಗೂ ಜೊತೆ ಕೊಡುತ್ತದೆ.

“ಹೊಳೆಗೆ ಇದು ಸಾಕು ತಮಾ. ಅಳಿವೆ ದಾಟಿ ಕಡಲಿಗೆ ಹೋಗೂಕೆ ಅಲ್ಲ,” ಎಂದರು ಯಜಮಾನರು. ಆ ಮಾತಿನ ಗೆರೆ ನನಗೂ ಸರಿಯೆನಿಸಿತು. ಕಡಲಿನ ಅಲೆಗೆ ಬೇರೆಯದೇ ಬಲ ಬೇಕು. ಆದರೆ 2024ರಲ್ಲಿ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿದ ಈ ಹಿನ್ನೀರಿಗೆ, ಬಳಚಿನ ಚಿಪ್ಪು ಹೆಕ್ಕಿ ಬದುಕುವ ನೂರಾರು ಮನೆಗಳ ಈ ಕೆಸರಿಗೆ, ಎಣ್ಣೆಯ ಬಣ್ಣದ ಪೊರೆ ಬಿಡದ ದೋಣಿಯೇ ತಕ್ಕದ್ದು. ಕೇರಳದ ವೈಕಂ ಹಿನ್ನೀರಿನಲ್ಲಿ 75 ಜನ ಕೂರುವ ‘ಆದಿತ್ಯ’ ಎಂಬ ಸೌರದೋಣಿ 2017ರಲ್ಲೇ ಓಡಾಟ ಶುರುಮಾಡಿತು. ನಮ್ಮ ಹೊಳೆಗಳ ಸಣ್ಣ ದೋಣಿಗಳಿಗೆ ಅಷ್ಟು ದೊಡ್ಡ ಏರ್ಪಾಡೂ ಬೇಡ.

ಬಲೆ ಬಿಟ್ಟು, ಎಳೆದು, ಒಂದಿಷ್ಟು ಶೆಟ್ಲಿ ಸಿಗಡಿ, ನಾಲ್ಕು ನೊಗಲಿ ಮೀನಿನೊಂದಿಗೆ ಮರಳಿದಾಗ ಮೀಟರು ಶೇಕಡಾ 70 ತೋರಿಸುತ್ತಿತ್ತು. ರಾತ್ರಿ ಅಡುಗೆಮನೆಯ ಪ್ಲಗ್ಗಿಗೆ ಹಾಕಿದರೆ ತುಂಬಲು ಅರ್ಧ ಯೂನಿಟ್ಟಿನಷ್ಟು ಸಾಕು. ಅಳಿಯ ಮೋಟಾರಿಗೆ ಎರಡು ಕೊಡ ಸಿಹಿನೀರು ಸುರಿದು, ಫ್ಯಾನು ಬಿಚ್ಚಿ, ದಂಡಕ್ಕೆ ಸುತ್ತಿದ್ದ ಬಲೆಯ ನೂಲು ತೆಗೆದ.

ಹೊಳೆಯಲ್ಲಿ ದೋಣಿ ಇಟ್ಟುಕೊಂಡವರು ಮೊದಲು ತಮ್ಮ ಒಂದು ದಿನದ ಓಡಾಟವನ್ನು ಗಡಿಯಾರ ನೋಡಿ ಅಳೆಯಲಿ, ಬ್ಯಾಟರಿ ಆಮೇಲೆ ಕೊಳ್ಳಲಿ. ಹುಟ್ಟನ್ನು ಮಾತ್ರ ಯಾವತ್ತೂ ಮನೆಯಲ್ಲಿ ಬಿಟ್ಟು ಹೋಗಬೇಡಿ.