ಹಸಿ ಡೇರೆಯನ್ನು ಮಡಿಸಿಡಬೇಡಿರಿ

ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆಯ ನಮ್ಮ ಒಕ್ಕಲು ಮಂದಿಗೆ ವರ್ಷದಲ್ಲಿ ಒಂದೆರಡು ಸಲವಾದರೂ ಬಟ್ಟೆಯ ಸೂರಿನ ಕೆಳಗೆ ಮಲಗುವ ಪ್ರಸಂಗ ಬಂದೇ ಬರುತ್ತದೆ. ಆಷಾಢದಲ್ಲಿ ಪಂಢರಪುರದ ವಾರಿ, ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆ. ಕಬ್ಬು ಕಡಿಯಲು ಹೋದ ಟೋಳಿಗಳಿಗಂತೂ ದೀಪಾವಳಿಯ ಸುಮಾರಿನಿಂದ ಬೇಸಗೆಯವರೆಗೆ ಅದೇ ಮನೆ. ಹೀಗಿದ್ದೂ ಎತ್ತಿಗೆ ಮಾಡುವ ಆರೈಕೆಯಲ್ಲಿ ನೂರಕ್ಕೊಂದು ಪಾಲನ್ನೂ ನಾವು ಡೇರೆಗೆ ಮಾಡುವುದಿಲ್ಲ. ಗಾಳಿಗೆ ಹರಿಯಿತೆಂದು ಹೇಳುತ್ತೇವೆ. ವಿಚಾರಿಸಿ ನೋಡಿದರೆ, ಗಾಳಿ ಬರುವ ಮೊದಲೇ ಅದು ಅಟ್ಟದ ಮೂಲೆಯಲ್ಲಿ ಕೊಳೆತಿರುತ್ತದೆ.

ಕ್ಯಾನ್ವಾಸು ಎಂದರೆ ಹತ್ತಿಯ ಬಟ್ಟೆ. ಹಸಿಯಿದ್ದಾಗ ಮಡಿಸಿ ಬಿಗಿದಿಟ್ಟರೆ ಒಂದೆರಡು ದಿನಗಳಲ್ಲೇ ಬೂಷ್ಟು ಹಿಡಿದು ನೂಲನ್ನು ತಿನ್ನತೊಡಗುತ್ತದೆ. ಕರಿ ಚುಕ್ಕೆ ಕಂಡಿತೆಂದರೆ ಅಲ್ಲಿಯ ನೂಲಿನ ಕಸುವು ಇಳಿದಿದೆ ಎಂದೇ ತಿಳಿಯಿರಿ. ವಾರಿಯಲ್ಲಿ ನಸುಕಿನಲ್ಲೇ ಮುಂದೆ ಸಾಗಬೇಕಾಗುತ್ತದೆ, ಒಣಗಿಸಲು ವೇಳೆ ಇರುವುದಿಲ್ಲ, ನಿಜ. ಆಗ ಸಡಿಲಾಗಿ ಸುತ್ತಿ ಗಾಡಿಯ ಮೇಲ್ಗಡೆ ಹಾಕಿ, ಮಧ್ಯಾಹ್ನದ ಬಿಡಾರದಲ್ಲಿ ಬಿಸಿಲು ಬಿದ್ದೊಡನೆ ಹರವಿರಿ. ಊರಿಗೆ ಬಂದ ಮೇಲೆ ಹೊಲಿಗೆಯ ಸಾಲು ಮತ್ತು ಅಂಚು ಒಣಗುವವರೆಗೆ ಬಿಡಬೇಕು. ನಡುವಿನ ಬಟ್ಟೆ ಒಣಗಿದರೂ ಅವು ಹಸಿಯಾಗಿಯೇ ಉಳಿಯುತ್ತವೆ.

ಹೊಸ ಡೇರೆಯನ್ನು ಕೊಂಡವರು ಮೊದಲು ಮನೆಯ ಅಂಗಳದಲ್ಲೇ ಹಾಕಿ, ನೀರು ಸುರಿದು, ಒಣಗಿಸತಕ್ಕದ್ದು. ನೀರು ಕುಡಿದ ನೂಲು ಉಬ್ಬಿ, ಸೂಜಿಯ ತೂತುಗಳು ಮುಚ್ಚಿಕೊಳ್ಳುತ್ತವೆ. ಮಳೆ ಬರುವಾಗ ಒಳಗಿನಿಂದ ಬಟ್ಟೆಗೆ ತಲೆಯನ್ನಾಗಲಿ ಗಂಟನ್ನಾಗಲಿ ತಾಗಿಸಬೇಡಿರಿ, ತಾಗಿದಲ್ಲಿ ನೀರು ಜಿನುಗುತ್ತದೆ. ಮಕ್ಕಳಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ. ಅವರನ್ನು ನಡುವೆ ಮಲಗಿಸುವುದೇ ಉಪಾಯ.

ಇನ್ನು ಹಾಕುವ ಜಾಗ. ಹಳ್ಳದ ಮಗ್ಗುಲಿನ ಮೆತ್ತನೆಯ ಮರಳು ಎಷ್ಟು ಚೆಂದ ಕಂಡರೂ ಬೇಡ; ಮೇಲೆಲ್ಲೋ ಸುರಿದ ಮಳೆ ರಾತ್ರಿ ಕೆಳಗೆ ಬಂದೀತು. ದೊಡ್ಡ ಮರದ ಬುಡವೂ ಬೇಡ, ಒಣಕೊಂಬೆಯ ಮತ್ತು ಸಿಡಿಲಿನ ಭಯವುಂಟು. ತುಸು ದಿಬ್ಬವಾದ ನೆಲ ನೋಡಿ, ಮೇಲ್ಮಗ್ಗುಲಿಗೆ ಒಂದು ಗೇಣು ಅಗಲದ ಕಾಲುವೆ ತೋಡಿ ನೀರನ್ನು ಪಕ್ಕಕ್ಕೆ ಸಾಗಿಸಿರಿ. ಮುಂಗಾರಿನ ಗಾಳಿ ಪಡುವಣದ ಕಡೆಯದು, ಆದ್ದರಿಂದ ಆಗ ಬಾಗಿಲು ಮೂಡಣಕ್ಕಿರಲಿ.

ಗೂಟದ ತಲೆ ಡೇರೆಯಿಂದ ಹೊರಕ್ಕೆ ವಾಲಿರಬೇಕು. ಒಳಕ್ಕೆ ವಾಲಿದ ಗೂಟವನ್ನು ಹಗ್ಗವೇ ಕಿತ್ತುಹಾಕುತ್ತದೆ. ನಮ್ಮ ಎರೆಭೂಮಿ ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಅಲ್ಲಿ ಗಿಡ್ಡ ಗೂಟ ನಿಲ್ಲುವುದಿಲ್ಲ. ಉದ್ದನೆಯ ಗೂಟ ಬಡಿಯಿರಿ. ಇಲ್ಲವೆ ಕಲ್ಲು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಮೊಣಕಾಲುದ್ದದ ಗುಂಡಿಯಲ್ಲಿ ಹೂತುಬಿಡಿರಿ. ನೂಲಿನ ಅಥವಾ ನಾರಿನ ಹಗ್ಗ ನೆನೆದರೆ ಕುಗ್ಗುವುದರಿಂದ ಸಾಯಂಕಾಲ ತುಸು ಸಡಿಲ ಬಿಡಬೇಕು, ಬೆಳಗ್ಗೆ ಬಿಗಿಯಬೇಕು. ನೈಲಾನ್ ಹಗ್ಗದ ಗುಣ ಇದಕ್ಕೆ ವಿರುದ್ಧ, ನೆನೆದರೆ ಜಗ್ಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಚಳಿಯೆಂದು ಇದ್ದಿಲಿನ ಕೆಂಡವನ್ನು ಡೇರೆಯೊಳಗೆ ತಂದು ಬಾಗಿಲು ಮುಚ್ಚಿ ಮಲಗುವವರುಂಟು. ಹೊಗೆ ಇಲ್ಲವೆಂದು ಅವರಿಗೆ ಧೈರ್ಯ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಸಾಯುತ್ತಾರೆ. ಮಳೆಗೆ ಬಟ್ಟೆ ನೆನೆದಿದ್ದರೆ ಗಾಳಿಯಾಡುವ ಸಂದುಗಳೂ ಮುಚ್ಚಿ ಅಪಾಯ ಇನ್ನಷ್ಟು ಹೆಚ್ಚು. ಒಲೆ, ಚಿಮಣಿ, ಅಗ್ಗಿಷ್ಟಿಕೆ ಯಾವುದೂ ಒಳಗೆ ಕೂಡದು. ಕೌದಿಯನ್ನು ಇನ್ನೊಂದು ಹೊದ್ದುಕೊಳ್ಳಿರಿ.

ಮಣ್ಣಾದ ಡೇರೆಯನ್ನು ಒಣಗಿದ ಮೇಲೆ ಪೊರಕೆಯಿಂದ ಜಾಡಿಸಿದರೆ ಸಾಕು. ಸೋಡಾಪುಡಿ ಹಾಕಿ ಒಗೆದರೆ ನೀರು ತಡೆಯುವ ಲೇಪ ಹೋಗುತ್ತದೆ. ಹಳೆಯ ಡೇರೆ ಸೋರತೊಡಗಿದ್ದರೆ ಹಿಂದಿನವರ ಪಟಕದ ಉಪಾಯವಿದೆ: ಮೊದಲು ಸಾಬೂನಿನ ನೀರು ಹಚ್ಚಿ ಒಣಗಿಸಿ, ಬಳಿಕ ಪಟಕ ಕರಗಿಸಿದ ನೀರು ಹಚ್ಚುವುದು. ಎರಡೂ ಕೂಡಿ ನೀರಿನಲ್ಲಿ ಕರಗದ ಜಿಡ್ಡಾಗಿ ನೂಲಿನಲ್ಲಿ ನಿಲ್ಲುತ್ತದೆ. ಬಹಳ ಕಾಲ ಬಾಳದು, ವರ್ಷಕ್ಕೊಮ್ಮೆ ಮಾಡಬೇಕಾದೀತು. ಹರಕಿಗೆ ಮೇಣ ಸವರಿದ ದಾರದಿಂದ, ಮೂಲೆ ದುಂಡಗೆ ಕತ್ತರಿಸಿದ ತೇಪೆ ಹೊಲಿಯಿರಿ. ಚೂಪು ಮೂಲೆ ಬೇಗ ಏಳುತ್ತದೆ.

ಈಗ ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ತಾಡಪತ್ರಿ ಅಗ್ಗ, ಹಗುರ, ಬೂಷ್ಟೂ ಅದನ್ನು ತಿನ್ನದು. ಆದರೆ ಬಿಸಿಲೇ ಅದರ ವೈರಿ. ಕೆಲಸವಿಲ್ಲದಾಗ ಅದನ್ನು ನೆರಳಿನಲ್ಲಿಡಿ. ಕ್ಯಾನ್ವಾಸನ್ನಾದರೆ ನೆಲದಿಂದ ಎತ್ತರದಲ್ಲಿ, ಕಾಳಿನ ಚೀಲಗಳಿಂದ ದೂರ ಇಡಿ, ಇಲಿ ಮೊದಲು ಕಾಳಿಗೆ ಬಂದು ಆಮೇಲೆ ಬಟ್ಟೆಗೆ ಬಾಯಿ ಹಾಕುತ್ತದೆ. ಗೂಟ, ಹಗ್ಗಗಳನ್ನು ಬೇರೆ ಚೀಲದಲ್ಲಿ ಎಣಿಸಿ ಕಟ್ಟಿಡಿ.