ಹಳೆಯ ಗಣಕಯಂತ್ರಕ್ಕೆ ಎಷ್ಟು ಮೆಮೊರಿ ಅಳವಡಿಸಬೇಕು? – ಅರ್ಜಿದಾರರಿಗೆ ಮಾಹಿತಿ

ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡ ಆರಂಭದ ವರ್ಷಗಳಲ್ಲಿ, ಗೊಬ್ಬೂರದಂತಹ ಗ್ರಾಮಗಳ ರೈತರು ಪಹಣಿಗಾಗಿ ತಾಲ್ಲೂಕು ಕೇಂದ್ರಕ್ಕೆ ತೆರಳಬೇಕಾಗಿತ್ತು. ಪ್ರಸ್ತುತ ಪಹಣಿ ಪಡೆಯುವುದು, ಸೇವಾ ಸಿಂಧು ಹಾಗೂ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸುವುದು ಮನೆಯಿಂದಲೇ ಸಾಧ್ಯವಿದೆ. ಆದರೆ ಗಣಕಯಂತ್ರ ಹಳೆಯದಾಗಿದ್ದಲ್ಲಿ ಅರ್ಜಿಯ ಪುಟ ಮಧ್ಯದಲ್ಲಿಯೇ ಸ್ಥಗಿತಗೊಂಡು, ನಿಗದಿತ ಅವಧಿ ಮೀರಿ, ಭರ್ತಿ ಮಾಡಿದ ವಿವರಗಳು ನಷ್ಟವಾಗುವ ಸಂಭವವಿರುತ್ತದೆ. ಇಂತಹ ಸಂದರ್ಭದಲ್ಲಿ ಮೆಮೊರಿ (ರ‍್ಯಾಮ್) ಹೆಚ್ಚಿಸುವುದು ಹೊಸ ಯಂತ್ರದ ಖರೀದಿಗಿಂತ ಕಡಿಮೆ ವೆಚ್ಚದ ಮಾರ್ಗವಾಗಿದೆ. ಆದಾಗ್ಯೂ ಅಗತ್ಯವನ್ನು ಅಳೆಯದೆ ಖರೀದಿಸಿದಲ್ಲಿ ಹಣ ವ್ಯರ್ಥವಾಗುತ್ತದೆ.

1. ಮೆಮೊರಿಯ ಕಾರ್ಯ

ಕಪಾಟಿನಲ್ಲಿರುವ ಕಡತಗಳನ್ನು ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡುವಂತೆ, ಗಣಕಯಂತ್ರವು ಹಾರ್ಡ್ ಡಿಸ್ಕ್‌ನಲ್ಲಿರುವ ಮಾಹಿತಿಯನ್ನು ಮೆಮೊರಿಗೆ ತಂದು ಬಳಸುತ್ತದೆ. ಮೇಜು ಚಿಕ್ಕದಾದಷ್ಟೂ ಕಪಾಟಿನ ಬಳಿ ಹೋಗಿಬರುವುದು ಹೆಚ್ಚುತ್ತದೆ. ಯಂತ್ರ ನಿಧಾನವಾಗುವುದು ಈ ಕಾರಣದಿಂದ. ಮೇಜು ಅಗತ್ಯಕ್ಕಿಂತ ದೊಡ್ಡದಾದರೆ ವಿಶೇಷ ಪ್ರಯೋಜನವಿಲ್ಲ.

2. ಅಗತ್ಯವನ್ನು ಅಳೆಯುವ ವಿಧಾನ

ಅರ್ಜಿಯ ಪುಟ, ಸ್ಕ್ಯಾನ್ ಮಾಡಿದ ದಾಖಲೆ ಹಾಗೂ ನುಡಿ ಮುಂತಾದ ತಂತ್ರಾಂಶಗಳನ್ನು ಎಂದಿನಂತೆ ಒಟ್ಟಿಗೆ ತೆರೆದಿಡಬೇಕು. ವಿಂಡೋಸ್ 10ರಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ಬಳಕೆಯನ್ನು ನೋಡಬಹುದು.

- ಬಳಕೆಯು ಸತತವಾಗಿ ಶೇ. 85ಕ್ಕಿಂತ ಹೆಚ್ಚಿದ್ದಲ್ಲಿ ಮೆಮೊರಿ ಹೆಚ್ಚಿಸುವುದು ಸೂಕ್ತ.
- ಬಳಕೆಯು ಶೇ. 60ರೊಳಗಿದ್ದಲ್ಲಿ ವಿಳಂಬಕ್ಕೆ ಬೇರೆ ಕಾರಣವಿರುತ್ತದೆ. ಡಿಸ್ಕ್‌ನ ಬಳಕೆ ಶೇ. 100ರಲ್ಲಿಯೇ ನಿಂತಿದ್ದರೆ ಹಳೆಯ ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಅಳವಡಿಸುವುದು ಲೇಸು. ಅಂತರ್ಜಾಲ ಸಂಪರ್ಕ ಅಥವಾ ಸರ್ವರ್‌ನ ವಿಳಂಬವು ಮೆಮೊರಿಯಿಂದ ಸರಿಹೋಗುವುದಿಲ್ಲ.

3. ಎಷ್ಟು ಅಳವಡಿಸಬೇಕು?

- 1 ಅಥವಾ 2 ಜಿಬಿ ಇರುವ ಯಂತ್ರ: ಒಟ್ಟು 4 ಜಿಬಿಗೆ ಹೆಚ್ಚಿಸಿದಲ್ಲಿ ಒಂದೆರಡು ಪುಟಗಳನ್ನು ತೆರೆದು ಅರ್ಜಿ ಸಲ್ಲಿಸಬಹುದು.
- 4 ಜಿಬಿ ಇರುವ ಯಂತ್ರ: ಒಟ್ಟು 8 ಜಿಬಿ ಮನೆಯ ಬಳಕೆಗೆ ಸಾಮಾನ್ಯವಾಗಿ ಸಾಕಾಗುತ್ತದೆ.
- 16 ಜಿಬಿ: ಅರ್ಜಿ ಸಲ್ಲಿಕೆಗೆ ಅಗತ್ಯವಿಲ್ಲ, ವಿಡಿಯೋ ಸಂಕಲನದಂತಹ ಕೆಲಸಗಳಿಗೆ ಉಪಯುಕ್ತ.

4. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅ) 32 ಬಿಟ್‌ನ ವಿಂಡೋಸ್ ಇದ್ದಲ್ಲಿ, 4 ಜಿಬಿ ಅಳವಡಿಸಿದರೂ ಸಾಮಾನ್ಯವಾಗಿ 3ರಿಂದ 3.5 ಜಿಬಿ ಮಾತ್ರ ಬಳಕೆಗೆ ದೊರೆಯುತ್ತದೆ. 8 ಜಿಬಿ ಬಳಸಲು 64 ಬಿಟ್‌ನ ಆವೃತ್ತಿ ಅವಶ್ಯ.

ಆ) ಮದರ್‌ಬೋರ್ಡ್‌ಗೆ ಮಿತಿಯಿರುತ್ತದೆ. ಅದರ ಮಾದರಿ ಸಂಖ್ಯೆಯ ಆಧಾರದ ಮೇಲೆ ತಯಾರಕರ ಕೈಪಿಡಿಯಲ್ಲಿ ಗರಿಷ್ಠ ಪ್ರಮಾಣವನ್ನೂ ಸ್ಲಾಟ್‌ಗಳ ಸಂಖ್ಯೆಯನ್ನೂ ನೋಡತಕ್ಕದ್ದು.

ಇ) ಡಿಡಿಆರ್2, ಡಿಡಿಆರ್3 ಮತ್ತು ಡಿಡಿಆರ್4 ಮಾದರಿಗಳು ಒಂದರ ಬದಲಿಗೆ ಇನ್ನೊಂದು ಹೊಂದುವುದಿಲ್ಲ, ಅವುಗಳ ಕಚ್ಚು ಬೇರೆ ಬೇರೆ ಸ್ಥಾನದಲ್ಲಿರುತ್ತದೆ. ಲ್ಯಾಪ್‌ಟಾಪ್‌ನ ಮೆಮೊರಿ ಪಟ್ಟಿ ಗಾತ್ರದಲ್ಲಿ ಚಿಕ್ಕದು. ಅಂಗಡಿಗೆ ಹೋಗುವಾಗ ಹಳೆಯ ಪಟ್ಟಿಯನ್ನು ಜೊತೆಗೆ ಒಯ್ಯುವುದು ಉತ್ತಮ.

ಈ) ಎರಡು ಸ್ಲಾಟ್‌ಗಳೂ ಭರ್ತಿಯಾಗಿದ್ದಲ್ಲಿ ಹಳೆಯ ಪಟ್ಟಿಯನ್ನು ತೆಗೆಯಬೇಕಾಗುತ್ತದೆ. ಆ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

5. ಹಣ ವ್ಯಯಿಸಬಾರದ ಸಂದರ್ಭ

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿಯ ಜೊತೆಗೆ ಟಿಪಿಎಂ 2.0 ಹಾಗೂ ಅರ್ಹ ಪ್ರೊಸೆಸರ್ ಬೇಕು. ಇವು ಇಲ್ಲದ ಯಂತ್ರವು ಮೆಮೊರಿ ಹೆಚ್ಚಿಸಿದ ಮಾತ್ರಕ್ಕೆ ಅರ್ಹವಾಗುವುದಿಲ್ಲ. ಆಧಾರ್ ಹಾಗೂ ಬ್ಯಾಂಕ್ ವಿವರಗಳನ್ನು ನಮೂದಿಸುವ ಯಂತ್ರಕ್ಕೆ ಸುರಕ್ಷತಾ ಪರಿಷ್ಕರಣೆಗಳು ಅತ್ಯವಶ್ಯವಾದ್ದರಿಂದ, ಲಿನಕ್ಸ್ ಬಳಸುವುದನ್ನು ಪರಿಗಣಿಸಬಹುದು. ಡಿಡಿಆರ್2 ಕಾಲದ ಯಂತ್ರಕ್ಕೆ ಹೆಚ್ಚಿನ ಹಣ ವ್ಯಯಿಸುವುದು ಸೂಕ್ತವಲ್ಲ.

6. ಅಳವಡಿಸುವಾಗ

ವಿದ್ಯುತ್ ಸಂಪರ್ಕ ತೆಗೆದು, ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿನ ಸ್ಥಾಯೀ ವಿದ್ಯುತ್ತನ್ನು ಹೊರಹಾಕಿದ ನಂತರವೇ ಪಟ್ಟಿಯನ್ನು ಹಿಡಿಯಬೇಕು. ಬಿಸಿಲು ಮತ್ತು ಧೂಳು ಹೆಚ್ಚಿರುವ ಕಲಬುರಗಿ ಜಿಲ್ಲೆಯಲ್ಲಿ ಸ್ಲಾಟ್ ಹಾಗೂ ಫ್ಯಾನ್‌ಗಳನ್ನು ಮೊದಲು ಸ್ವಚ್ಛಗೊಳಿಸುವುದು ಒಳಿತು. ಕೆಲವೊಮ್ಮೆ ಇಷ್ಟರಿಂದಲೇ ತೊಂದರೆ ನಿವಾರಣೆಯಾಗುತ್ತದೆ.

ವಿಶೇಷ ಸೂಚನೆ: ಯಾವುದೇ ಸೇವೆಗಾಗಿ ಸ್ವಂತ ಗಣಕಯಂತ್ರ ಹೊಂದಿರುವುದು ಕಡ್ಡಾಯವಲ್ಲ. ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ದುರಸ್ತಿಗಾಗಿ ಕಾಯದೆ ಹತ್ತಿರದ ಗ್ರಾಮ ಒನ್ ಕೇಂದ್ರ ಅಥವಾ ನಾಡಕಚೇರಿಯಲ್ಲಿ, ಅಲ್ಲಿ ಲಭ್ಯವಿರುವ ಸೇವೆಗಳಿಗೆ ಅರ್ಜಿ ಸಲ್ಲಿಸಿ, ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆದುಕೊಳ್ಳತಕ್ಕದ್ದು.