ಎಲೆ ಉದುರದ ಶೇಂಗಾ

ನಾನು ಹುಡುಗನಾಗಿದ್ದಾಗ ಮಾಗಳದ ನಮ್ಮ ಹೊಲದಲ್ಲಿ ಶೇಂಗಾ ಕೀಳುವ ಹೊತ್ತಿಗೆ ಗಿಡದಲ್ಲಿ ಎಲೆಯೇ ಇರುತ್ತಿರಲಿಲ್ಲ. ಬರೀ ಕಡ್ಡಿ. ಕಾಯಿ ಬಲಿತ ಮೇಲೆ ಎಲೆ ಉದುರುವುದು ಸಹಜ ಎಂದು ಅಪ್ಪ ತಿಳಿದಿದ್ದ, ಅವನ ಅಪ್ಪನೂ ಹಾಗೇ ತಿಳಿದಿದ್ದನಂತೆ. ಅದು ರೋಗ ಎಂದು ನನಗೆ ಗೊತ್ತಾಗಿದ್ದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ. ಎಲೆಯ ಮೇಲೆ ಕಪ್ಪು ಚುಕ್ಕೆ ಬಿದ್ದರೆ ಟಿಕ್ಕಾ, ಎಲೆಯಡಿ ಕೆಂಪು ಪುಡಿ ಕೈಗೆ ಹತ್ತಿದರೆ ತುಕ್ಕು. ಎರಡೂ ಶಿಲೀಂಧ್ರಗಳ ಕೆಲಸ. ಮಳೆ, ಮೋಡ, ಇಬ್ಬನಿ ಕೂಡಿ ಬಂದ ವರ್ಷ ಇವೆರಡೂ ಸೇರಿ ಅರ್ಧಕ್ಕರ್ಧ ಬೆಳೆ ತಿಂದುಹಾಕುತ್ತವೆ. ಎಲೆಯಿಲ್ಲದ ಗಿಡಕ್ಕೆ ಕಾಳು ತುಂಬುವ ಶಕ್ತಿ ಎಲ್ಲಿಂದ ಬರಬೇಕು? ಕಾಯಿ ಜೊಳ್ಳಾಗುತ್ತಿತ್ತು. ಬಳ್ಳಿ ಸತ್ತು ಕಿತ್ತಾಗ ಕಾಯಿ ಕಳಚಿ ಮಣ್ಣಲ್ಲೇ ಉಳಿಯುತ್ತಿತ್ತು. ಅವ್ವ ಮತ್ತು ಓಣಿಯ ಹೆಣ್ಣುಮಕ್ಕಳು ಆಮೇಲೆ ವಾರಗಟ್ಟಲೆ ಹಕ್ಕಲಾಯುತ್ತಿದ್ದರು. ದನಕ್ಕೆ ಸಿಗಬೇಕಾದ ಹೊಟ್ಟೂ ಹಾಳು.

ಹತ್ತಿಪ್ಪತ್ತು ವರ್ಷಗಳ ಹಿಂದೆ ಧಾರವಾಡದ ಕೃಷಿ ಮೇಳಕ್ಕೆ ಹೋದವನು ಜಿಪಿಬಿಡಿ-4 ಎಂಬ ಶೇಂಗಾ ಬೀಜ ಐದು ಕಿಲೋ ತಂದೆ. ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಬೇಸಾಯವೆಲ್ಲ ಅಪ್ಪನದೇ. ಮುಂಗಾರಿಗೆ ಮಸಾರಿ ಹೊಲದ ಒಂದು ಮಗ್ಗುಲಲ್ಲಿ ಅದನ್ನೂ, ಉಳಿದದ್ದಕ್ಕೆ ಎಂದಿನ ಟಿಎಂವಿ-2 ಬೀಜವನ್ನೂ ಬಿತ್ತಿದೆವು. ಕೀಳುವ ಹೊತ್ತಿಗೆ ಟಿಎಂವಿ-2 ಎಂದಿನಂತೆ ಕಡ್ಡಿಯಾಗಿ ನಿಂತಿತ್ತು. ಆ ಮಗ್ಗುಲು ಮಾತ್ರ ಹಸಿರು. ಅಪ್ಪನಿಗೆ ಖುಷಿಯಾಗುವ ಬದಲು ಚಿಂತೆ ಹತ್ತಿತು.

"ತಮ್ಮಾ, ಎಲಿ ಇನ್ನೂ ಹಸರೈತಲ್ಲೋ. ಕಾಯಿ ಬಲತಿಲ್ಲ ಕಾಣ್ತೈತಿ."

ಒಂದು ಗಿಡ ಕಿತ್ತು ಕಾಯಿ ಒಡೆದು ತೋರಿಸಿದೆ. ಸಿಪ್ಪೆಯ ಒಳಮೈ ಕಪ್ಪಗಾಗಿತ್ತು. ಬಲಿತ ಕಾಯಿಯ ಗುರುತು ಅದು. ಅಪ್ಪ ಆ ಕಾಯಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನಿಂತ. "ಎಲ್ಲಿ ಬೀಜಪ್ಪಾ ಇದು?" ಎಂದ. ಧಾರವಾಡದ್ದು ಎಂದೆ.

ಆ ಉತ್ತರ ಅರ್ಧ ಮಾತ್ರ ನಿಜ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದ.

ಶೇಂಗಾ ನಮ್ಮ ನೆಲದ್ದಲ್ಲ. ಅದರ ತವರು ದಕ್ಷಿಣ ಅಮೆರಿಕ. ಬೊಲಿವಿಯಾದ ದಕ್ಷಿಣ ಭಾಗ, ಅರ್ಜೆಂಟೀನಾದ ಉತ್ತರ ಭಾಗ ಕೂಡುವ ಸೀಮೆ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅಲ್ಲಿ ಎರಡು ಕಾಡು ಜಾತಿಯ ಗಿಡಗಳು ತಾವಾಗಿ ಕೂಡಿ ಒಂದು ಹೊಸ ಗಿಡ ಹುಟ್ಟಿತು. ಒಂದೊಂದು ಕಾಡು ಜಾತಿಯಲ್ಲೂ 20 ವರ್ಣತಂತುಗಳು. ಹೊಸ ಗಿಡದಲ್ಲಿ ಎರಡರವೂ ಸೇರಿ 40. ಇವತ್ತು ಜಗತ್ತಿನಲ್ಲಿ ಬೆಳೆಯುವ ಶೇಂಗಾ ಎಲ್ಲವೂ ಆ ಗಿಡದ ಸಂತಾನ. ಹಲವು ದೇಶಗಳ ವಿಜ್ಞಾನಿಗಳು ಕೂಡಿ ಆ ಎರಡು ಕಾಡು ಗಿಡಗಳ ವಂಶವಾಹಿ ನಕ್ಷೆಯನ್ನು ಪೂರ್ತಿ ಓದಿ 2016ರಲ್ಲಿ ಪ್ರಕಟಿಸಿದಾಗ ಈ ಮಾತು ಗಟ್ಟಿಯಾಯಿತು. ನಲವತ್ತರ ಗಿಡ ಇಪ್ಪತ್ತರ ದಾಯಾದಿಗಳ ಜೊತೆ ಸುಲಭವಾಗಿ ಕೂಡದು. ಹಾಗಾಗಿ ಕಾಡಿನ ಬಳಗದಲ್ಲಿದ್ದ ರೋಗ ತಡೆಯುವ ಗುಣಗಳು ಕಾಡಿನಲ್ಲೇ ಉಳಿದವು. ನಮ್ಮ ಹೊಲದ ಶೇಂಗಾ ಒಂದೇ ಮನೆತನದೊಳಗೆ ಸಾವಿರಾರು ವರ್ಷ ಬೆಳೆದು ಬಂತು. ಟಿಕ್ಕಾಕ್ಕೆ ಅದು ಅಷ್ಟು ಬೇಗ ಸೋಲಲು ಇದು ದೊಡ್ಡ ಕಾರಣ.

ಆ ಕಾಡಿನ ಬಳಗವನ್ನು ಹುಡುಕಿಕೊಂಡು ಹೋದವರಲ್ಲಿ ಮೂವರನ್ನು ಇಲ್ಲಿ ನೆನೆಯಲೇಬೇಕು. ಅಮೆರಿಕದ ವಾಲ್ಟನ್ ಗ್ರೆಗರಿ, ಅರ್ಜೆಂಟೀನಾದ ಆಂಟೊನಿಯೊ ಕ್ರಪೊವಿಕಾಸ್, ಅವರ ಜೊತೆಗಾರ ಪಿಯೆತ್ರರೆಲ್ಲಿ. ಬೊಲಿವಿಯಾದಲ್ಲಿ ಅವರು ಅಗೆದು ತಂದ ಒಂದು ಕಾಡು ಶೇಂಗಾಕ್ಕೆ ಮೂವರ ಹೆಸರಿನ ಮೊದಲಕ್ಷರ ಕೂಡಿಸಿ ಜಿಕೆಪಿ 10017 ಎಂದು ಗುರುತಿಟ್ಟರು. ಅದರ ಜಾತಿಯ ಹೆಸರು ಅರಾಕಿಸ್ ಕಾರ್ಡೆನಾಸಿ. ಬೊಲಿವಿಯಾದವರೇ ಆದ ಸಸ್ಯವಿಜ್ಞಾನಿ ಮಾರ್ಟಿನ್ ಕಾರ್ಡೆನಾಸ್ ಅವರ ಹೆಸರು. ಕಾಳು ಸಣ್ಣದು, ಹೊಲಕ್ಕೆ ಏನೂ ಪ್ರಯೋಜನವಿಲ್ಲದ ಗಿಡ. ಆದರೆ ಟಿಕ್ಕಾ, ತುಕ್ಕು ಎರಡಕ್ಕೂ ಅದು ಬಗ್ಗದು.

1960ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಗ್ರೆಗರಿ ಮತ್ತು ಬ್ರಿಟನ್ನಿನ ಜೋಸೆಫ್ ಸ್ಮಾರ್ಟ್ ಇದನ್ನು ಸಾಗುವಳಿ ಶೇಂಗಾದೊಂದಿಗೆ ಕೂಡಿಸಿದರು. ಹುಟ್ಟಿದ ಗಿಡಕ್ಕೆ 30 ವರ್ಣತಂತು. ಕುದುರೆ-ಕತ್ತೆಗೆ ಹುಟ್ಟಿದ ಹೇಸರಗತ್ತೆ ಮರಿ ಹಾಕದಲ್ಲ, ಹಾಗೆ ಈ ಗಿಡವೂ ಬಂಜೆ. ಕಾಲ್ಚಿಸಿನ್ ಎಂಬ ಸಸ್ಯಮೂಲದ ರಸಾಯನ ಹಚ್ಚಿ ಮೂವತ್ತನ್ನು ಅರವತ್ತು ಮಾಡಿದರು. ಗಿಡ ಬೀಜ ಕಟ್ಟಿತು. ಆಮೇಲೆ ತಲೆಮಾರಿನಿಂದ ತಲೆಮಾರಿಗೆ ಬೆಳೆಸುತ್ತ ಹೋದಂತೆ ಹೆಚ್ಚುವರಿ ವರ್ಣತಂತುಗಳು ಕಳಚಿ ಲೆಕ್ಕ ಮತ್ತೆ ನಲವತ್ತಕ್ಕೆ ಬಂತು. ಕಾಡು ಗಿಡದ ಸಣ್ಣ ಸಣ್ಣ ತುಣುಕುಗಳು ಮಾತ್ರ ಒಳಗೆ ಉಳಿದವು, ರೋಗ ತಡೆಯುವ ತುಣುಕೂ ಅವುಗಳಲ್ಲೊಂದು. ಓದುಗರು ಇದನ್ನು ಬಿಟಿ ಹತ್ತಿಯ ಜೊತೆ ಒಂದೇ ಎಂದುಕೊಳ್ಳಬಾರದು. ಬಿಟಿ ಹತ್ತಿಯೊಳಗೆ ಬ್ಯಾಕ್ಟೀರಿಯಾದ ವಂಶವಾಹಿ ಕೂಡಿಸಿದ್ದಾರೆ. ಇಲ್ಲಿ ಆದದ್ದು ಶೇಂಗಾಕ್ಕೂ ಶೇಂಗಾದ ದಾಯಾದಿಗೂ ಮದುವೆ. ತುಂಬ ಕಷ್ಟಪಟ್ಟು ಮಾಡಿಸಿದ ಮದುವೆ.

ಆ ಸಂತತಿಯ ಬೀಜಗಳು ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿಗೆ ಬಂದವು. ಅಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಇದೆ. ನಮ್ಮಂಥ ಒಣಸೀಮೆಯ ಬೆಳೆಗಳಾದ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾಗಳಿಗೆಂದೇ ಕಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ. ಅದರ ಬೀಜ ಭಂಡಾರದಲ್ಲಿ ಶೇಂಗಾದ್ದೇ 15 ಸಾವಿರಕ್ಕೂ ಹೆಚ್ಚು ಮಾದರಿಗಳಿವೆ. ಅಲ್ಲಿಂದ ಬಂದ, ಕಾಡು ರಕ್ತವಿದ್ದ ಐಸಿಜಿವಿ 86855 ಎಂಬ ಸಾಲನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಾ. ಎಂ.ವಿ.ಸಿ. ಗೌಡ ಮತ್ತು ಅವರ ತಂಡ ಕೆಆರ್‌ಜಿ-1 ತಳಿಯೊಂದಿಗೆ ಕೂಡಿಸಿ ವರ್ಷಗಟ್ಟಲೆ ಆರಿಸಿದರು. ಹಾಗೆ ಬಂದದ್ದು ಜಿಪಿಬಿಡಿ-4.

ಕಥೆ ಧಾರವಾಡದಲ್ಲಿ ನಿಲ್ಲಲಿಲ್ಲ. ಜಿಪಿಬಿಡಿ-4ರ ವರ್ಣತಂತುವಿನಲ್ಲಿ ಆ ರೋಗನಿರೋಧಕ ತುಣುಕು ಎಲ್ಲಿ ಕೂತಿದೆ ಎಂದು ವಿಜ್ಞಾನಿಗಳು ಗುರುತಿಸಿದರು. ಆ ಜಾಗ ತಿಳಿದರೆ, ಸಸಿಯೊಂದರಲ್ಲಿ ಆ ತುಣುಕು ಇದೆಯೋ ಇಲ್ಲವೋ ನೋಡಲು ಅದರ ಎಲೆಯ ಒಂದು ಚೂರು ಸಾಕು. ರೋಗ ಬರಲಿ, ನೋಡೋಣ ಎಂದು ಮಳೆಗಾಲ ಕಾಯಬೇಕಿಲ್ಲ. ಈ ದಾರಿಯಲ್ಲಿ ಇಕ್ರಿಸ್ಯಾಟ್‌ನವರು ಜೆಎಲ್-24, ಟಿಎಜಿ-24 ಮೊದಲಾದ ತಳಿಗಳಿಗೆ ತುಕ್ಕು ತಡೆಯುವ ಗುಣ ಸೇರಿಸಿ 2014ರಲ್ಲಿ ವರದಿ ಮಾಡಿದರು. ಧಾರವಾಡದ ರಮೇಶ ಭಟ್ ಅವರ ತಂಡ ಜಪಾನಿನ ಕಜುಸಾ ಡಿಎನ್‌ಎ ಸಂಶೋಧನಾ ಸಂಸ್ಥೆಯ ವಿಜ್ಞಾನಿಯೊಂದಿಗೆ ಸೇರಿ ಇದೇ ಕೆಲಸವನ್ನು ಟಿಎಂವಿ-2ರ ಮೇಲೆ ಮಾಡಿತು. 2017ರಲ್ಲಿ ಅದು ಪ್ರಕಟವಾಯಿತು. ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಬಂದ ಟಿಎಂವಿ-2, ನನ್ನ ಅಜ್ಜನ ಕಾಲದ್ದು. ಆ ಸುದ್ದಿ ಓದಿದ ದಿನ ನನಗೆ ಅಪ್ಪನ ನೆನಪು ಬಹಳ ಆಯಿತು. ಜೈವಿಕ ತಂತ್ರಜ್ಞಾನ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡಗಳು ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ಅದು ನಮ್ಮ ಹೊಲದ ಬದುವಿಗೂ ಬಂದಿದೆ.

2021ರಲ್ಲಿ ಡೇವಿಡ್ ಬರ್ಟಿಯೋಲಿ, ಸೊರಾಯಾ ಬರ್ಟಿಯೋಲಿ ಮತ್ತು ಅನೇಕ ದೇಶಗಳ ಅವರ ಜೊತೆಗಾರರು ಜಿಕೆಪಿ 10017ರ ವಂಶಾವಳಿಯನ್ನೇ ಬಿಡಿಸಿಟ್ಟರು. ಆ ಒಂದು ಕಾಡು ಗಿಡದ ತುಣುಕುಗಳು ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಮತ್ತು ಎರಡೂ ಅಮೆರಿಕಗಳ ತಳಿಗಳಲ್ಲಿ ಹರಡಿವೆ. ಎಷ್ಟೋ ತಳಿಗಳ ದಾಖಲೆಯಲ್ಲಿ ಈ ನಂಟು ಬರೆದೇ ಇರಲಿಲ್ಲ. ಡಿಎನ್‌ಎ ಓದಿ ಪತ್ತೆ ಮಾಡಬೇಕಾಯಿತು. ಅದೇ ಬರಹದಲ್ಲಿ ಒಂದು ಎಚ್ಚರಿಕೆಯೂ ಇದೆ. ಇಂಥ ಬೀಜ ವಿನಿಮಯ ಈಗ ಬಹಳ ಕಡಿಮೆಯಾಗಿದೆ.

ಯಾಕೆ ಎಂದರೆ, 1992ರ ಜೀವವೈವಿಧ್ಯ ಒಪ್ಪಂದದ ನಂತರ ಒಂದೊಂದು ದೇಶವೂ ತನ್ನ ಗಿಡ, ಬೀಜದ ಮೇಲೆ ತನ್ನ ಹಕ್ಕು ಸ್ಥಾಪಿಸಿತು. ಅದರಲ್ಲಿ ನ್ಯಾಯವಿತ್ತು. ಬಡ ದೇಶಗಳ ಕಾಡಿನಿಂದ ಒಯ್ದು ಶ್ರೀಮಂತ ಕಂಪನಿಗಳು ಲಾಭ ಮಾಡಿಕೊಂಡದ್ದು ಸುಳ್ಳಲ್ಲ. ಬೊಲಿವಿಯಾದ ಜನರಿಗೆ ಈ ಗಿಡದಿಂದ ಬಂದ ಲಾಭದಲ್ಲಿ ಪಾಲು ಸಿಗಬೇಕು ಎಂದು ನಾನೂ ಒಪ್ಪುತ್ತೇನೆ. ಆದರೆ ಕಾನೂನುಗಳು ಒಂದೊಂದು ದೇಶಕ್ಕೆ ಒಂದೊಂದು ಬಗೆಯಾಗಿ, ಕಾಗದಪತ್ರದ ಕಷ್ಟಕ್ಕೆ ಹೆದರಿ ವಿಜ್ಞಾನಿಗಳು ಬೀಜ ಕೇಳುವುದನ್ನೇ ಬಿಡುವಂತಾಗಬಾರದಿತ್ತು. ಬೆಳೆಗಳ ಬೀಜ ವಿನಿಮಯ ಸುಲಭವಾಗಲೆಂದು 2001ರಲ್ಲಿ ಮಾಡಿದ ಅಂತರರಾಷ್ಟ್ರೀಯ ಒಪ್ಪಂದದ ಬೆಳೆಪಟ್ಟಿಯಲ್ಲಿ ಶೇಂಗಾ ಸೇರಲೇ ಇಲ್ಲ. ಹೂವಿನ ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಮಳೆಯಾಶ್ರಿತ ಹೊಲದವರಿಗೆ ಇದು ದೂರದ ಸಂಗತಿಯಲ್ಲ. ಶಿಲೀಂಧ್ರ ಸುಮ್ಮನೆ ಕೂರುವುದಿಲ್ಲ. ಇವತ್ತು ತಡೆಯುವ ಗಿಡವನ್ನು ನಾಳೆ ಗೆಲ್ಲುವ ಹೊಸ ಬಗೆ ಹುಟ್ಟಬಹುದು. ಆಗ ಮತ್ತೆ ಬೇರೆ ಕಾಡು ಗಿಡ ಬೇಕು, ಅದನ್ನು ಕೊಡುವ ದೇಶ ಬೇಕು.

ನಮ್ಮ ಸುತ್ತ ಶೇಂಗಾ ಜಾಗವನ್ನು ಮೆಕ್ಕೆಜೋಳ ಹಿಡಿದಿದೆ. ಕೂಲಿ, ರೋಗ, ಬೆಲೆ ಎಲ್ಲ ಸೇರಿ ರೈತರು ಸೋತರು, ಅವರನ್ನು ದೂರಲಾರೆ. ಆದರೆ ಬೆಳೆ ಬಿಟ್ಟವರ ಮನೆಯಲ್ಲಿ ಬೀಜವೂ ಹೋಗುತ್ತದೆ. ಅಜ್ಜನ ಕಾಲದ ಹಬ್ಬುಶೇಂಗಾ ನನ್ನ ಊರಲ್ಲಿ ಈಗ ಯಾರಲ್ಲೂ ಇಲ್ಲ. ಅದರಲ್ಲಿ ಏನಿತ್ತೋ ಇನ್ನು ಯಾರಿಗೂ ತಿಳಿಯದು.

ನಿಮ್ಮ ಮನೆಯ ಅಟ್ಟದಲ್ಲೋ, ನೆಂಟರ ಹಗೇವಿನಲ್ಲೋ ಹಳೆಯ ಶೇಂಗಾ, ಹಳೆಯ ಜೋಳ, ಹಳೆಯ ನವಣೆ ಇನ್ನೂ ಉಳಿದಿದ್ದರೆ ದಯವಿಟ್ಟು ಒಂದು ಹಿಡಿ ಬಿತ್ತಿ ಬೀಜ ಉಳಿಸಿಕೊಳ್ಳಿ. ಇನ್ನೊಂದು ಹಿಡಿಯನ್ನು ಹಗರಿಯ ಕೃಷಿ ಸಂಶೋಧನಾ ಕೇಂದ್ರಕ್ಕೋ, ರಾಯಚೂರು ಅಥವಾ ಧಾರವಾಡದ ವಿಶ್ವವಿದ್ಯಾಲಯಕ್ಕೋ ಒಯ್ದು ಕೊಡಿ. ಚೀಟಿಯಲ್ಲಿ ಊರು, ಹೊಲ, ಮಣ್ಣು, ಬಿತ್ತಿದವರ ಹೆಸರು ಬರೆದುಕೊಡಿ.